ಒಂದು ವಾಹಿನಿ ಕಡಿಮೆ

ಕಳೆದ ವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ಮುಂದಿನ ತಿಂಗಳಿನಿಂದ ಕೆಲವು ವಾಹಿನಿಗಳು ನಮ್ಮ ಮನೆಯ ಟೀವಿಯಲ್ಲಿ ಬರುವುದಿಲ್ಲವಂತೆ. ಬೇಕೆಂದರೆ ಹೆಚ್ಚು ಹಣ ತೆರಬೇಕಂತೆ. ಯಾವ ವಾಹಿನಿಗಳು, ಏಕೆ ಬರುವುದಿಲ್ಲ ಎಂಬ ವಿವರ ಅದರಲ್ಲಿ ಇರಲಿಲ್ಲ. ಮದುವೆಯ ಮನೆಯಲ್ಲಿ ಮೂರನೆಯ ಪಂಕ್ತಿಯವರಿಗೆ ಹೋಳಿಗೆ ಮುಗಿಯಿತೆಂದು ಹೇಳಬೇಕಾದಾಗ ಬಡಿಸುವವನು ಮುಖವನ್ನು ಬೇರೆ ಕಡೆ ತಿರುಗಿಸಿ ಗೊಣಗುತ್ತಾನಲ್ಲ, ಆ ಧಾಟಿ ಅದರದು.

ಪಾರ್ಕಿಗೆ ಹೋದೆ. ಅಲ್ಲಿನ ಕಲ್ಲುಬೆಂಚಿನ ಮೇಲೆ ಆಗಲೇ ಸಭೆ ಸೇರಿತ್ತು. ಒಬ್ಬರು ಕಂಪನಿಯನ್ನು ಬೈಯುತ್ತಿದ್ದರು, ಇನ್ನೊಬ್ಬರು ಸರ್ಕಾರವನ್ನು. ಮೂರನೆಯವರು, "ಡಿಶ್ ಕಿತ್ತು ಬಿಸಾಕಿ ಸ್ವಾಮಿ, ನನ್ನ ಮೊಮ್ಮಗ ಎಲ್ಲವನ್ನೂ ಮೊಬೈಲಿನಲ್ಲೇ ನೋಡುತ್ತಾನೆ" ಎಂದರು. ಮೊಮ್ಮಗನ ಮೊಬೈಲಿಗೆ ದುಡ್ಡು ಕಟ್ಟುವವರು ಅವರೇ ಎಂಬುದು ನಮಗೆಲ್ಲ ಗೊತ್ತಿದ್ದುದರಿಂದ ಯಾರೂ ಉತ್ತರ ಕೊಡಲಿಲ್ಲ. ನಾನಂತೂ ಬಾಯಿ ತೆರೆಯಲಿಲ್ಲ. ನನಗೆ 2019ರ ನೆನಪಾಗಿತ್ತು.

ಚಾನೆಲ್ಲಿಗೆ ವಾಹಿನಿಯೆಂದು ಹೆಸರಿಟ್ಟವರು ಜಾಣರು. ವಾಹಿನಿಯೆಂದರೆ ಹೊಳೆ, ವಾಹಿನಿಯೆಂದರೆ ಸೈನ್ಯವೂ ಹೌದು. ಹೊಳೆ ಬತ್ತಿದರೂ ಜನ ಕೂಗಾಡುತ್ತಾರೆ, ಸೈನ್ಯ ನುಗ್ಗಿದರೂ ಕೂಗಾಡುತ್ತಾರೆ. ಹೀಗೆ ಬಂದಾಗಲೂ ಗದ್ದಲ, ಹೋದಾಗಲೂ ಗದ್ದಲವಾಗುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಈ ಮಾತಿಗೆ ಮೂರನೆಯ ಅರ್ಥವೂ ಒಂದಿದೆಯೆಂದು ನಾನು ಕಲಿತದ್ದು 2019ರಲ್ಲಿಯೇ. ಅದನ್ನು ಆಮೇಲೆ ಹೇಳುತ್ತೇನೆ.

ಆ ವರ್ಷದ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಹೊಸ ದರ ನಿಯಮ ಜಾರಿಗೆ ಬಂತು. ಅಲ್ಲಿಯವರೆಗೆ ಕಂಪನಿಯವರು ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಿಕೊಂಡು ಉಣ್ಣುವುದಷ್ಟೇ ನಮ್ಮ ಕೆಲಸವಾಗಿತ್ತು. ಅದರಲ್ಲಿ ಬೇಕಾದ್ದೂ ಇರುತ್ತಿತ್ತು, ಬೇಡದ್ದೂ ಇರುತ್ತಿತ್ತು. ಇನ್ನು ಮೇಲೆ ಬೇಕಾದ ವಾಹಿನಿಯನ್ನು ನಾವೇ ಆರಿಸಿಕೊಂಡು ಅದಕ್ಕೆ ಮಾತ್ರ ಹಣ ಕೊಡಬಹುದು ಎಂದರು. 100 ವಾಹಿನಿಗಳವರೆಗೆ ತಿಂಗಳಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಇದು ಬಾಗಿಲ ಕಾಣಿಕೆ. ಗರ್ಭಗುಡಿಯಲ್ಲಿರುವ ಪಾವತಿ ವಾಹಿನಿಗಳಿಗೆ ಬೇರೆ ಬೇರೆ ಕಾಣಿಕೆ. ಹಲವನ್ನು ಸೇರಿಸಿ ಗೊಂಚಲು ಮಾಡಿ ಮಾರಬೇಕಾದರೆ ಅದರೊಳಗಿನ ಯಾವ ವಾಹಿನಿಯ ಬೆಲೆಯೂ 19 ರೂಪಾಯಿಯನ್ನು ಮೀರುವಂತಿರಲಿಲ್ಲ. ಎಚ್‌ಡಿ ವಾಹಿನಿ ಒಂದಾದರೆ ಲೆಕ್ಕಕ್ಕೆ ಎರಡು. ಆಮೇಲೆ ಈ ಅಂಕಿಗಳೆಲ್ಲ ಬದಲಾದವು. ಆದರೆ ಆಗ ಅವನ್ನು ನಮ್ಮ ಬೀದಿಯವರೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು.

ನಮ್ಮ ನೆರೆಯವರೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಅವರು ಗೆರೆ ಹಾಕಿದ ದಪ್ಪ ಪುಸ್ತಕವೊಂದರಲ್ಲಿ ಜಮಾ ಖರ್ಚಿನಂತೆ ವಾಹಿನಿಗಳನ್ನು ಬರೆದು, ಮೂರು ರಾತ್ರಿ ಕೂಡಿ ಕಳೆದು, ಕೊನೆಗೆ ಮೊದಲಿಗಿಂತ 40 ರೂಪಾಯಿ ಹೆಚ್ಚಾಗುತ್ತದೆಂದು ಕಂಡುಹಿಡಿದರು. ಮಹಡಿಯ ಮನೆಯಾಕೆ ಗ್ರಾಹಕ ಸೇವೆಯ ಸಂಖ್ಯೆಗೆ ಫೋನು ಮಾಡಿ, ಮುಕ್ಕಾಲು ಗಂಟೆ ಸಂಗೀತ ಕೇಳಿ, ಯಾರಾದರೂ ಮಾತನಾಡುವ ಮೊದಲೇ ಕುಕ್ಕರು ಕೂಗಿದ್ದರಿಂದ ಫೋನು ಕೆಳಗಿಟ್ಟರು. ನನ್ನ ಆಫೀಸಿನ ಮಿತ್ರರೊಬ್ಬರು ಇಷ್ಟೆಲ್ಲ ತಾಪತ್ರಯವೇ ಬೇಡವೆಂದು ಟೀವಿಗೆ ಬಟ್ಟೆ ಹೊದಿಸಿ, ಇನ್ನು ಪುಸ್ತಕ ಓದುವುದಾಗಿ ಸಾರಿದರು. ನಾಲ್ಕನೆಯ ದಿನ ಕ್ರಿಕೆಟ್ಟಿತ್ತು. ಬಟ್ಟೆ ಒಗೆಯಲು ಹೋಯಿತು.

ಇದರಲ್ಲಿ ಒಂದು ವಿಚಿತ್ರವನ್ನು ನಾನು ಗಮನಿಸಿದೆ. ಹೋದ ವಾಹಿನಿಗಾಗಿ ಬಹಳ ದುಃಖಪಟ್ಟವರು ಅದನ್ನು ನೋಡುತ್ತಿದ್ದವರಲ್ಲ. ನಮ್ಮ ಬ್ಯಾಂಕಿನವರು ಇಂಗ್ಲಿಷ್ ಅಡುಗೆಯ ವಾಹಿನಿಯೊಂದು ಹೋಯಿತೆಂದು ಒಂದು ವಾರ ಪೇಚಾಡಿದರು. ಅವರು ಅದನ್ನು ನೋಡಿದ್ದನ್ನು ಅವರ ಮನೆಯವರಾಗಲಿ, ಅವರು ಅಡುಗೆ ಮಾಡಿದ್ದನ್ನು ದೇವರಾಗಲಿ ಕಂಡಿಲ್ಲ. 1987ರಲ್ಲಿ ರಾಮಾಯಣದ ಧಾರಾವಾಹಿ ಬರುತ್ತಿದ್ದಾಗ ನಮ್ಮ ಬೀದಿಗೆಲ್ಲ ಎರಡೇ ಟೀವಿ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಪಕ್ಕದ ಮನೆಯ ಜಮಖಾನದ ಮೇಲೆ ಕುಳಿತು ಕೈಮುಗಿಯುತ್ತಿದ್ದೆವು. ಇದ್ದದ್ದು ಒಂದೇ ಆದ್ದರಿಂದ ಆರಿಸುವ ಕಷ್ಟವಿರಲಿಲ್ಲ. 1994ರಲ್ಲಿ ಉದಯ ಬಂದು ಕನ್ನಡಕ್ಕೆ ಖಾಸಗಿ ವಾಹಿನಿಯ ರುಚಿ ಹತ್ತಿತು. ಅಲ್ಲಿಂದ ಇಲ್ಲಿಯವರೆಗೆ ನೂರಾರು ಬಂದವು. ಮನೆಯಲ್ಲಿ ನೋಡುತ್ತಿದ್ದುದು ಎಂಟೋ ಹತ್ತೋ. ಆದರೆ ಕಿತ್ತುಕೊಳ್ಳುತ್ತಾರೆಂದ ಕೂಡಲೇ ಅಷ್ಟೂ ಪಿತ್ರಾರ್ಜಿತ ಆಸ್ತಿಯಂತೆ ಕಂಡವು. ನಿಜವಾಗಿ ಕಳೆದುಕೊಂಡವರು ಮಾತ್ರ ಸುಮ್ಮನಿದ್ದರು. ಅದಕ್ಕೆ ಸಾಕ್ಷಿ ನಮ್ಮ ಮನೆಯೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನಾವೂ ಪಟ್ಟಿ ಮಾಡಲು ಕುಳಿತೆವು. ಲೇಖನಿ ನನ್ನ ಕೈಯಲ್ಲಿತ್ತು. ಆದ್ದರಿಂದ ಅಧ್ಯಕ್ಷತೆಯೂ ನನ್ನದೇ. ಮಗನಿಗೆ ಕ್ರೀಡೆಯ ವಾಹಿನಿಗಳು, ಮಗಳಿಗೆ ಹಿಂದಿಯ ಎರಡು, ನನ್ನಾಕೆಗೆ ಕನ್ನಡದ ನಾಲ್ಕು, ನನಗೆ ಸುದ್ದಿ. ವಾದ ವಿವಾದಗಳಾದವು, ಒಂದೆರಡು ಸಲ ಬಾಗಿಲು ಬಡಿದ ಸದ್ದೂ ಆಯಿತು. ಅವ್ವ ಮೂಲೆಯಲ್ಲಿ ಅವರೆಬೇಳೆ ಹಿದುಕುತ್ತ ಕುಳಿತಿದ್ದಳು.

"ಅವ್ವಾ, ನಿನಗ್ಯಾವುದು ಬೇಕು?" ಎಂದೆ. ಬರೆಯುತ್ತಲೇ ಕೇಳಿದೆ, ತಲೆಯೆತ್ತಲಿಲ್ಲ.

"ನನಗೇನಪ್ಪಾ, ಏನೂ ಬ್ಯಾಡ. ನೀವು ನೋಡಿದ್ದೇ ನಾನೂ ನೋಡ್ತೀನಿ."

ಅವಳ ಹೆಸರಿಗೆ ಭಕ್ತಿಯ ವಾಹಿನಿಯೊಂದನ್ನು ಬರೆದೆ. ಅದಕ್ಕೆ ಕಾಸು ಕೊಡಬೇಕಾಗಿರಲಿಲ್ಲ. ಹಳೆಯ ಪ್ಯಾಕಿನ ಪಟ್ಟಿಯನ್ನು ನೋಡುತ್ತ ಬಂದಾಗ ಮರಾಠಿಯದೊಂದು ಕಂಡಿತು. ಬೆಲೆ 19 ರೂಪಾಯಿ, ತೆರಿಗೆ ಸೇರಿ 22 ರೂಪಾಯಿ 42 ಪೈಸೆ. "ಇಲ್ಲಿ ಮರಾಠಿ ಯಾರಿಗೆ ಬೇಕು?" ಎಂದು ಹೊಡೆದುಹಾಕಿದೆ. ಅವ್ವನ ಬೆರಳುಗಳು ಆಗ ನಿಂತುವೋ ಇಲ್ಲವೋ ನಾನು ನೋಡಲಿಲ್ಲ.

ಅವ್ವ ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆಯಲ್ಲಿ. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ನಮ್ಮ ತಂದೆ ಅಲ್ಲಿನ ಬಟ್ಟೆಯ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. 1957ರಲ್ಲಿ ಮದುವೆಯಾಯಿತು, ಮರುವರ್ಷ ಬೆಂಗಳೂರಿನ ಗಿರಣಿಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದರು. ಇಲ್ಲಿ ಅವಳೊಡನೆ ಮರಾಠಿಯಾಡುವವರು ಯಾರೂ ಇರಲಿಲ್ಲ. ಅವಳ ಕನ್ನಡವೂ ಕ್ರಮೇಣ ಅರ್ಧ ಬೆಂಗಳೂರಿನದಾಯಿತು. ನಾವು ಅವಳನ್ನು ಅವ್ವ ಎಂದು ಕರೆಯುವುದು, ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮುಗಿಯದಿರುವುದು, ಇವೆರಡೇ ಸೊಲ್ಲಾಪುರದ ಗುರುತು ಎಂದು ನಾನು ತಿಳಿದಿದ್ದೆ. ಇನ್ನೂ ಒಂದಿತ್ತು. ಅಗಸನಿಗೆ ಬಟ್ಟೆ ಹಾಕುವಾಗ ಅವಳು ಇಂದಿಗೂ ಏಕ, ದೋನ, ತೀನ ಎಂದೇ ಎಣಿಸುತ್ತಾಳೆ. ದಿನವೂ ಕಿವಿಗೆ ಬೀಳುತ್ತಿದ್ದುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪಟ್ಟಿಯಂತೆ ವಾಹಿನಿಗಳು ಬಂದವು, ಉಳಿದವು ಹೋದವು. ಫೆಬ್ರವರಿ ಕಳೆಯುತ್ತ ಬಂತು. ಒಂದು ಸೋಮವಾರ ಆಫೀಸಿನಲ್ಲಿದ್ದಾಗ ಸೊಲ್ಲಾಪುರದಿಂದ ಫೋನು ಬಂತು. ನಮ್ಮ ಸೋದರಮಾವನ ಹೆಂಡತಿ, ಅತ್ತೆ. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಪಂಢರಪುರದ ಕಡೆಯ ಮರಾಠಿಯವರಾದರೂ ಆಕೆ ಸೊಲ್ಲಾಪುರದ ಕನ್ನಡವನ್ನು ಸೊಗಸಾಗಿ ಆಡುತ್ತಾರೆ. ನನಗೆ ಎಂದೂ ಫೋನು ಮಾಡಿದವರಲ್ಲ.

"ನಿಮ್ಮವ್ವಗ ಆರಾಮ ಇಲ್ಲೇನೋ?" ಎಂದರು.

"ಇದ್ದಾಳಲ್ಲ ಅತ್ತೆ, ಚೆನ್ನಾಗಿಯೇ ಇದ್ದಾಳೆ."

"ಮತ್ತ ಕಣ್ಣು ಕಾಣವಲ್ವೇನು? ಮೂರು ವಾರ ಆತು. ಸೀರಿಯಲ್ಲಿನ ಕತಿ ತೆಗದ್ರ, 'ನೀನೇ ಹೇಳು' ಅಂತಾಳ. ಹೇಳಿದ್ರ 'ಹೌದೇನು' ಅಂತ ಸುಮ್ಮನಾಗ್ತಾಳ. ಫೋನ್ ಇಡ್ತಾಳ."

ಪ್ರತಿ ಭಾನುವಾರ ಮಧ್ಯಾಹ್ನ ಅವ್ವ ಸೊಲ್ಲಾಪುರಕ್ಕೆ ಫೋನು ಮಾಡುವುದು ಮನೆಯವರಿಗೆಲ್ಲ ಗೊತ್ತಿತ್ತು. ಅರ್ಧ ಗಂಟೆ ಗಟ್ಟಿಯಾಗಿ ಮರಾಠಿಯಲ್ಲಿ ಮಾತು, ನಡುನಡುವೆ ನಗು. ನಮಗೆ ನಿದ್ದೆ ಬರಲಿ ಎಂದು ನಾವು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಈಚೆಗೆ ಭಾನುವಾರದ ನಿದ್ದೆ ಚೆನ್ನಾಗಿ ಬರುತ್ತಿದೆಯೆಂದು ನಾನು ಹೆಂಡತಿಗೆ ಹೇಳಿಯೂ ಇದ್ದೆ.

ಸಂಜೆ ಮನೆಗೆ ಬಂದು ಕೇಳಿದೆ. "ಕಣ್ಣಿಗೇನಾಗೇದ?" ಎಂದು ಅವ್ವ ನಕ್ಕಳು. ನಾವೆಲ್ಲ ಕೆಲಸಕ್ಕೂ ಕಾಲೇಜಿಗೂ ಹೋದ ಮೇಲೆ, ಮಧ್ಯಾಹ್ನ ಹಿಂದಿನ ರಾತ್ರಿಯ ಮರಾಠಿ ಧಾರಾವಾಹಿಯನ್ನು ಮತ್ತೊಮ್ಮೆ ತೋರಿಸುತ್ತಿದ್ದರಂತೆ. ಅದನ್ನು ಇಲ್ಲಿ ಅವ್ವ, ಅಲ್ಲಿ ಅತ್ತೆ ಇಬ್ಬರೂ ನೋಡುವುದು. ಭಾನುವಾರ ಅದರ ಚರ್ಚೆ. ಈಗ ಆ ಸಂಖ್ಯೆ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ 'ಈ ವಾಹಿನಿಗೆ ನೀವು ಚಂದಾದಾರರಲ್ಲ' ಎಂಬ ಬರಹ.

"ನನಗೆ ಹೇಳಬಾರದಾಗಿತ್ತೇನವ್ವಾ?"

"ನೀನೇ ಅಂದ್ಯಲ್ಲಪ್ಪಾ, ಇಲ್ಲಿ ಮರಾಠಿ ಯಾರಿಗೆ ಬೇಕು ಅಂತ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಲೆಕ್ಕ ಒಪ್ಪಿಸುವವರ ದನಿ ಅದು. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು; ಎದುರು ಮಾತನಾಡಬಹುದಾಗಿತ್ತು. ಕಂಪನಿಯವರು ಹೇಳದೆ ಕೇಳದೆ ವಾಹಿನಿ ಕಿತ್ತರೆಂದು ನಾನೂ ಒಂದು ತಿಂಗಳು ಬೈದಿದ್ದೆ. ನಾನು ಕೇಳಿ ಕಿತ್ತಿದ್ದೆ. ಉತ್ತರಕ್ಕೆ ಕಾಯದೆ ಕೇಳಿದ್ದೆ, ಅಷ್ಟೇ ವ್ಯತ್ಯಾಸ.

ಮರುದಿನ ಗ್ರಾಹಕ ಸೇವೆಯ ಸಂಗೀತವನ್ನು ನಾನೂ ಪೂರ್ತಿ ಕೇಳಿದೆ. ಕೊನೆಗೆ ಮಾತನಾಡಿದ ಹುಡುಗಿ, ಇನ್ನು ಹತ್ತು ನಿಮಿಷದಲ್ಲಿ ವಾಹಿನಿ ಬರುತ್ತದೆ, ಪೆಟ್ಟಿಗೆಯನ್ನು ಆರಿಸಬೇಡಿ ಎಂದಳು. ಹತ್ತು ನಿಮಿಷದಲ್ಲಿ ಹೇಗೆ ಬರುತ್ತದೆಂದು ನನಗೆ ಆಶ್ಚರ್ಯ. ಡಿಶ್ ನೋಡಲು ಬಂದಿದ್ದ ಹುಡುಗನೊಬ್ಬ ಹಿಂದೆ ಹೇಳಿದ್ದ ಮಾತು ಆಗ ನೆನಪಾಯಿತು. ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹ ಯಾರ ಮನೆಗೂ ಬೇರೆಬೇರೆಯಾಗಿ ಕಳಿಸುವುದಿಲ್ಲ. ಕಂಪನಿಯ ಎಲ್ಲ ವಾಹಿನಿಗಳನ್ನೂ ಎಲ್ಲ ತಾರಸಿಗಳ ಮೇಲೂ ಒಂದೇ ಸಮನೆ ಸುರಿಯುತ್ತದೆ. ನಾವು ದುಡ್ಡು ಕೊಡದ ವಾಹಿನಿಯೂ ನಮ್ಮ ಡಿಶ್ಶಿಗೆ ಬಂದೇ ಬರುತ್ತಿರುತ್ತದೆ. ಪೆಟ್ಟಿಗೆಯಲ್ಲಿ ಅದಕ್ಕೆ ಬೀಗ ಹಾಕಿರುತ್ತಾರೆ, ಅಷ್ಟೆ. ಹಣ ಸಂದರೆ ಆಕಾಶದಿಂದಲೇ ಕೀಲಿಕೈ ಬರುತ್ತದೆ. ಹಾಗಾದರೆ ಆ ಮೂರು ವಾರವೂ ಮರಾಠಿ ನಮ್ಮ ಮನೆಯ ಮೇಲೆ ಸುರಿಯುತ್ತಲೇ ಇತ್ತು. ಮೂರು ವಾರವೇಕೆ, ಅರವತ್ತು ವರ್ಷ ನಮ್ಮ ಮನೆಯೊಳಗೇ ಇತ್ತು. ಏಕ, ದೋನ, ತೀನ.

ಮುಂದಿನ ರಜೆಯ ದಿನ ನಾನೂ ಅವ್ವನ ಪಕ್ಕದಲ್ಲಿ ಕುಳಿತೆ. ತುಂಬು ಮನೆ, ಭಾರಿ ಒಡವೆ, ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವವರು. ಭಾಷೆಯೊಂದು ಬಿಟ್ಟರೆ ಎಲ್ಲ ನಮ್ಮ ಕನ್ನಡದ ಧಾರಾವಾಹಿಯಂತೆಯೇ. ಅವ್ವ ನನಗೆ ಅರ್ಥ ಹೇಳುತ್ತ ಹೋದಳು. ಹಸಿರು ಸೀರೆಯವಳು ಬಂದಾಗ, "ಈಕಿನೇ ನೋಡು ವಹಿನಿ. ಮನಿ ಒಡೆಯೋದು ಈಕಿ ಕೆಲಸ" ಎಂದಳು.

"ಯಾವ ವಾಹಿನಿಯವ್ವಾ?" ಎಂದೆ.

ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರಾಠಿಯಲ್ಲಿ ವಹಿನಿಯೆಂದರೆ ಅಣ್ಣನ ಹೆಂಡತಿ, ಅತ್ತಿಗೆ. ಸೊಲ್ಲಾಪುರದ ಅತ್ತೆಯನ್ನು ಅವಳು ಕರೆಯುವುದು ಹಾಗೆಯೇ. ಒಂದು ದೀರ್ಘ ಕಡಿಮೆ, ಅಷ್ಟೆ. 22 ರೂಪಾಯಿ 42 ಪೈಸೆ ಉಳಿಸಲು ಹೋಗಿ ಯಾವ ವಾಹಿನಿಯನ್ನು ಕಡಿಯಲು ಹೊರಟಿದ್ದೆನೆಂಬುದು ನನಗೆ ಆಗ ತಿಳಿಯಿತು. ಆ ಭಾನುವಾರ ಫೋನು ಒಂದು ಗಂಟೆ ನಡೆಯಿತು. ತಪ್ಪಿಹೋಗಿದ್ದ ಮೂರು ವಾರದ ಕತೆಯನ್ನು ಅತ್ತೆ ಒಪ್ಪಿಸಬೇಕಾಗಿತ್ತಲ್ಲ. ನಮಗೆ ಯಾರಿಗೂ ನಿದ್ದೆಯಾಗಲಿಲ್ಲ.

ಈಗ ಮತ್ತೆ ಸಂದೇಶ ಬಂದಿದೆ, ಮತ್ತೆ ಪಟ್ಟಿಯಾಗಬೇಕು. ಮಗ ದೂರದ ಊರಿನಲ್ಲಿದ್ದಾನೆ, ಮಗಳಿಗೆ ಮದುವೆಯಾಗಿದೆ, ಪಟ್ಟಿ ಚಿಕ್ಕದು. ಪಾರ್ಕಿನಿಂದ ಬಂದವನು ಕಾಗದ ಲೇಖನಿ ತೆಗೆದುಕೊಂಡು ಅವ್ವನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತೆ. ಅವಳಿಗೆ ಈಗ ಕಿವಿ ಸ್ವಲ್ಪ ಮಂದ. ಮುಖ ನೋಡಿಕೊಂಡು ಗಟ್ಟಿಯಾಗಿ ಕೇಳಿದೆ: "ಅವ್ವಾ, ನಿನಗ್ಯಾವುದು ಬೇಕು?"

"ನನಗೇನಪ್ಪಾ, ಏನೂ ಬ್ಯಾಡ" ಎಂದಳು.

ನಾನು ಮೊದಲನೆಯ ಸಾಲಿನಲ್ಲಿ ಮರಾಠಿ ಎಂದು ಬರೆದು ಅವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಬೇಡವೆನ್ನಲಿಲ್ಲ.