ಕಾರ್ಗಿಲ್ ಮೀನೂ ನೀಲಿ ಕೊರಳೂ

ಮುಂಬಯಿಯ ನಮ್ಮ ಸರಕಾರಿ ವಸತಿಗೃಹ ನೆಲ ಅಂತಸ್ತಿನಲ್ಲಿರುವುದರಿಂದಲೇ ಇದೆಲ್ಲ ಸಾಧ್ಯವಾಯಿತು. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯೆಂದರೆ ಸುಮಾರು 550 ಲೀಟರ್ ಉಪ್ಪುನೀರು. ಅರ್ಧ ಟನ್ನಿಗೂ ಮಿಕ್ಕ ಭಾರ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಸರಕಾರದ ಅನ್ನ ಉಣ್ಣುವ ನಾವು ಅವುಗಳ ಗೋಜಿಗೆ ಹೋಗದೆ, ಅಣಬೆಯಂತೆ ಅರಳುವ ಮೆದು ಹವಳಗಳಷ್ಟರಲ್ಲೇ ತೃಪ್ತರಾಗಿದ್ದೆವು.

ತೊಟ್ಟಿಯ ನಿಜವಾದ ಒಡತಿ ಅಮ್ಮ. ಅಪ್ಪ ತೀರಿಕೊಂಡ ಮೇಲೆ ಮಲ್ಪೆಯಿಂದ ಬಂದವರಿಗೆ ಈ ನಗರದಲ್ಲಿ ಮಾತಿಗೆ ಸಿಕ್ಕ ಮೊದಲ ಜೀವ, ಕೆಂಪು ಬೆನ್ನಿನ ನಡುವೆ ಬಿಳಿ ಗೆರೆಯೆಳೆದುಕೊಂಡ ಒಂದು ಸಿಗಡಿ. ಮೀನುಗಳ ಬಾಯೊಳಗೆ ಹೊಕ್ಕು ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದು ಅದರ ವೃತ್ತಿ. ಅಮ್ಮ ಬೆರಳು ಅದ್ದಿದರೆ ಉಗುರಿನ ಸಂದಿಯನ್ನೂ ತಪಾಸಣೆ ಮಾಡುತ್ತಿತ್ತು. ಅವರು ಅದಕ್ಕಿಟ್ಟ ಹೆಸರು ‘ಡಾಕ್ಟ್ರು’.

ಹೀಗಿರುವಾಗ ಮಗನಿಗೆ ಟ್ರಿಗರ್ ಮೀನು ಬೇಕಾಯಿತು. ಅಪಾಯ ಬಂದಾಗ ಈ ಮೀನು ಬಂಡೆಯ ಬಿರುಕಿಗೆ ನುಗ್ಗಿ ಬೆನ್ನಿನ ಮೊದಲ ಮುಳ್ಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಎರಡನೆಯ ಮುಳ್ಳು ಅದಕ್ಕೆ ಅಗುಳಿಯಾಗುತ್ತದೆ. ಆ ಎರಡನೆಯದನ್ನು ಒತ್ತಿದರಷ್ಟೇ ಮೊದಲನೆಯದು ಮಡಚಿಕೊಳ್ಳುವುದು. ಬಂದೂಕಿನ ಕುದುರೆಯ ಹೆಸರು ಬಂದದ್ದು ಅದರಿಂದ. ಮಗ ಮೆಚ್ಚಿದ್ದು ಹೊಟ್ಟೆಯ ತುಂಬ ದೊಡ್ಡ ಬಿಳಿ ಬೊಟ್ಟುಗಳಿರುವ ಕ್ಲೌನ್ ಟ್ರಿಗರ್. ಚಿಪ್ಪು, ಏಡಿ, ಕಡಲ ಮುಳ್ಳುಚೆಂಡು ಯಾವುದನ್ನೂ ಲೆಕ್ಕಿಸದೆ ಅಗಿದು ಪುಡಿಮಾಡುವ ದವಡೆ ಅದರದ್ದು. ಪಿಕಾಸೊ ಟ್ರಿಗರ್ ಕೂಡ ಅದೇ ಜಾಯಮಾನ. ಅವೆರಡನ್ನೂ ತಂದರೆ ಡಾಕ್ಟ್ರು ಒಂದು ರಾತ್ರಿಯ ಊಟ.

‘ರೀಫ್ ಸೇಫ್’ ಎಂಬ ಪದದ ಜೊತೆ ನಾವು ಬಹಳ ಹೊತ್ತು ಗುದ್ದಾಡಿದೆವು. ಇಂಗ್ಲಿಷ್ ಎಂ.ಎ. ಮಾಡಿ ದಶಕಗಳಾದರೂ ಸಮಾಸ ಕಂಡರೆ ಬಿಡಿಸುವ ಚಟ ಹೋಗಿಲ್ಲ. ಹವಳಕ್ಕೆ ಅಪಾಯವಿಲ್ಲ ಎಂಬುದು ಸರಿ. ಹವಳದ ಪಕ್ಕದಲ್ಲಿ ಕುಳಿತ ಸಿಗಡಿಗೆ? ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಇದು ಷರತ್ತುಗಳಿಗೊಳಪಟ್ಟ ಅನುಮೋದನೆ. ತಳ ಕೆದಕದೆ ನಡುನೀರಿನಲ್ಲಿ ತೇಲುತ್ತ ಸೂಕ್ಷ್ಮಜೀವಿಗಳನ್ನು ತಿನ್ನುವ ಕೆಲವೇ ಟ್ರಿಗರ್‌ಗಳಿಗೆ ಅದು ಸಲ್ಲುತ್ತದೆ. ನಮ್ಮ ಪಟ್ಟಿಯಲ್ಲಿ ಕೊನೆಗೆ ಉಳಿದವು ಎರಡು: ಗಾಢ ನೀಲಿ ಮೈಯ, ಕೆಂಪು ಹಲ್ಲಿನ ನೈಜರ್ ಹಾಗೂ ಗಂಡಿನ ಕೊರಳಲ್ಲಿ ನೀಲಿ ಮಚ್ಚೆಯಿರುವ ಬ್ಲೂಥ್ರೋಟ್.

ನೈಜರ್ ಅಗ್ಗ, ಚೆಲುವೆ. ಅಂಗಡಿಯವನು ಪೊಟ್ಟಣ ಕಟ್ಟಲು ಹೊರಟಾಗ, ಜೊತೆಗೆ ಬಂದಿದ್ದ ಅಮ್ಮ ಗಾಜಿಗೆ ಮುಖವಿಟ್ಟು ನೋಡಿದರು.

“ಇದು ಕಾರ್ಗಿಲ್ ಅಲ್ವಾ ಮಾರಾಯ? ಇದಕ್ಕೆ ದುಡ್ಡು ಕೊಡುದಾ?”

ನಮ್ಮ ಕರಾವಳಿಯಲ್ಲಿ ಈ ಮೀನಿಗೆ ಕಾರ್ಗಿಲ್ ಎಂದೇ ಹೆಸರು. 1999ರ ಯುದ್ಧದ ಆಸುಪಾಸಿನಲ್ಲಿ ಬಲೆಗೆ ಬೀಳತೊಡಗಿತಂತೆ, ಹಾಗಾಗಿ. ಬಂಗುಡೆಗೆಂದು ಹಾಕಿದ ಬಲೆಯಲ್ಲಿ ಇದೇ ತುಂಬಿ ಬರುತ್ತಿತ್ತು. ತಿನ್ನುವವರಿಲ್ಲ, ಲಾರಿಗಟ್ಟಲೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತಿತ್ತು. ಅಪ್ಪ ಬೋಟಿನಲ್ಲಿದ್ದ ತಮ್ಮ ಪಾಲನ್ನು ಮಾರಿದ್ದು ನಮಗೆ ಗೊತ್ತಿತ್ತು. ನಾವಾಗಲೇ ಕೆಲಸ ಹಿಡಿದು ಊರು ಬಿಟ್ಟಿದ್ದೆವು. ಏಕೆ ಮಾರಿದಿರಿ ಎಂದು ಕೇಳಿರಲಿಲ್ಲ. ಆ ಅಂಗಡಿಯಲ್ಲಿ, ಪಂಪುಗಳ ಗುಳುಗುಳು ಸದ್ದಿನ ನಡುವೆ, ಅಮ್ಮ ಹೇಳಿದರು: “ಆ ವರ್ಷ ಹಲ್ಲಿಗೆ ಸಿಕ್ಕಿ ಹರಿದ ಬಲೆ ಹೊಲಿದೂ ಹೊಲಿದೂ ಅವರ ಬೆರಳು ಸೆಟೆದುಹೋಗಿತ್ತು. ನಿಮಗೆ ಹೇಳ್ಬೇಡ ಅಂದಿದ್ರು.”

ಅಂಗಡಿಯವನಿಗೆ ಕನ್ನಡ ಬಾರದು. ಪೊಟ್ಟಣ ಹಿಡಿದು ಕಾಯುತ್ತಲೇ ನಿಂತಿದ್ದ.

ನೈಜರ್ ಒಂದಡಿಗೂ ಮೀರಿ ಬೆಳೆಯುತ್ತದೆ, ನಮ್ಮ ತೊಟ್ಟಿಗೆ ದೊಡ್ಡದಾದೀತು ಎಂದು ಮಗನಿಗೆ ಕಾರಣ ಕೊಟ್ಟೆವು. ಸುಳ್ಳೇನಲ್ಲ. ತಂದದ್ದು ಅದಕ್ಕಿಂತ ಚಿಕ್ಕದಾಗಿಯೇ ಉಳಿಯುವ ಬ್ಲೂಥ್ರೋಟ್. ಅದೂ ಹೆಣ್ಣು, ನೀಲಿ ಕೊರಳಿಲ್ಲದ ಬೂದು ಬಣ್ಣದ್ದು. ಗಂಡಿನ ಬೆಲೆ ನಮ್ಮ ಕೈಗೆಟುಕಲಿಲ್ಲ. ಸಿಗಡಿ ಮೊದಲೇ ಮನೆಯವನಾಗಿದ್ದುದು ಒಳ್ಳೆಯದಾಯಿತು. ಟ್ರಿಗರ್ ನೆಲೆಯೂರಿದ ಮೇಲೆ ಬಿಟ್ಟ ಸಿಗಡಿಯನ್ನು ಅದು ಆಹಾರವೆಂದೇ ಎಣಿಸುವ ಸಂಭವ ಹೆಚ್ಚು. ಹಾರುವ ಚಾಳಿಯ ಮೀನಾದ್ದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಹೊಂದಿಸಿದೆವು. ಹಸಿವೇ ಅಪರಾಧದ ಮೂಲವೆಂದು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವೇ ಉಣಿಸುವ ಹೊಣೆಯನ್ನು ಅಮ್ಮ ಹೊತ್ತರು.

ಹನ್ನೊಂದನೆಯ ಬೆಳಿಗ್ಗೆ ಮರಳಿನ ಮೇಲೆ ಡಾಕ್ಟ್ರ ಖಾಲಿ ಮೈ ಬಿದ್ದಿತ್ತು: ಮೀಸೆ, ಕಾಲು, ಬಿಳಿ ಗೆರೆ ಸಮೇತ. ಅಮ್ಮ ತಿಂಡಿ ಮುಟ್ಟಲಿಲ್ಲ. ಸಿಗಡಿ ಪೊರೆ ಕಳಚುತ್ತದೆ, ಹೊಸ ಮೈ ಗಟ್ಟಿಯಾಗುವವರೆಗೆ ಅಡಗಿರುತ್ತದೆ ಎಂದು ನಾವು ಎಷ್ಟು ಹೇಳಿದರೂ ನಂಬಲಿಲ್ಲ. ನಮಗೂ ಪೂರ್ತಿ ನಂಬಿಕೆಯಿರಲಿಲ್ಲ. ಮೂರನೆಯ ದಿನ ಬಂಡೆಯ ಹಿಂದಿನಿಂದ ಹೊಳಪಾಗಿ ಹೊರಬಂದ ಡಾಕ್ಟ್ರು ನೇರ ಅಮ್ಮನ ಬೆರಳಿಗೇ ಬಂದರು.

ಸನ್ಯಾಸಿ ಏಡಿಗಳು ಮಾತ್ರ ಆರಿದ್ದವು, ಈಗ ಐದೇ ಕಾಣುತ್ತಿವೆ. ಅಮ್ಮ ದಿನವೂ ದೀಪ ಆರಿಸುವ ಮುನ್ನ ಎಣಿಸುತ್ತಾರೆ.