ಕಲ್ಯಾಣದಿಂದ ಹುಮನಾಬಾದಿಗೆ

ಬಸವಕಲ್ಯಾಣದ ಪೇಟೆಯಲ್ಲಿ ಯಾವುದಾದರೂ ಬಟ್ಟೆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಊರಿನ ಪರಿಚಯವಾಗುತ್ತದೆ. ಅಂಗಡಿಯವರು ರೈತನೊಬ್ಬನಿಗೆ ‘ಬರ್ರೀ ಕಾಕಾ’ ಎನ್ನುತ್ತಾರೆ. ಮರುಗಳಿಗೆ ಬುರ್ಖಾ ತೊಟ್ಟ ತಾಯಿ ಮಗಳಿಗೆ ‘ಆವೋ ಆಪಾ’. ಮಹಾರಾಷ್ಟ್ರದ ಕಡೆಯಿಂದ ಬಂದ ಅಜ್ಜಿಗೆ ‘ಯಾ ಮಾವ್ಶಿ’. ಮೂರು ಭಾಷೆ ಬಾರದವರಿಗೆ ಇಲ್ಲಿ ವ್ಯಾಪಾರ ಕಷ್ಟ.

ಇದು ಇಂದು ನಿನ್ನೆಯ ಮಾತಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಊರಿದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ಅಗಸರು, ಅಂಬಿಗರು, ಚಮ್ಮಾರರು ಸೇರಿದ್ದು ಇಲ್ಲೇ. ಆಮೇಲೆ ಸುಲ್ತಾನರು, ನವಾಬರು. 1948ರವರೆಗೆ ನಿಜಾಮರ ಸಂಸ್ಥಾನ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಶರಣರ ನೆಲೆಗಳನ್ನು ನೋಡಿ ಬಂದವರು ರಾಜಾ ಬಾಗ್ ಸವಾರರ ದರ್ಗಾಕ್ಕೂ ಹೋಗುತ್ತಾರೆ.

ಅಲ್ಲಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಒಂದು ತಾಸಿನೊಳಗೆ ಹುಮನಾಬಾದ್. ಪಕ್ಕದಲ್ಲೇ ಮಾಣಿಕನಗರ. 1865ರಲ್ಲಿ ಸಮಾಧಿಯಾದ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ಕಟ್ಟಿದ ಸ್ಥಳ.

ಇಷ್ಟೆಲ್ಲ ಬಗೆಯ ಜನರಿರುವ ಈ ಊರುಗಳಲ್ಲಿ ಯಾರ ಕೈಗೆ ಎಷ್ಟು ಹಣ ಬರುತ್ತಿದೆ? 2001ರಲ್ಲಿ ಬಸವಕಲ್ಯಾಣದ ಜನಸಂಖ್ಯೆ ಸುಮಾರು 58,700; 2011ರಲ್ಲಿ 69,700. ಹುಮನಾಬಾದ್ 36,500ರಿಂದ 44,500ಕ್ಕೆ ಏರಿತು. ಜನಗಣತಿಯವರು ಧರ್ಮ ಕೇಳುತ್ತಾರೆ, ಮಾತೃಭಾಷೆ ಕೇಳುತ್ತಾರೆ, ಆದಾಯ ಕೇಳುವುದಿಲ್ಲ. ಆದ್ದರಿಂದ ಯಾರು ಎಷ್ಟು ಮಂದಿ ಎಂಬುದು ರಾಜಕೀಯದವರ ನಾಲಿಗೆಯ ಮೇಲಿರುತ್ತದೆ, ಯಾರ ಒಲೆ ಹೇಗೆ ಉರಿಯುತ್ತದೆ ಎಂಬುದು ಕಾಗದದ ಮೇಲೂ ಇರುವುದಿಲ್ಲ. 2002ರ ನಂಜುಂಡಪ್ಪ ವರದಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲೇ ಇವೆ ಎಂದಿತು. ಆದರೆ ಅದು ತಾಲೂಕಿನ ಲೆಕ್ಕ, ಮನೆಯದಲ್ಲ.

ಮನೆಯ ಲೆಕ್ಕ ಬೇಕೆಂದರೆ ರಸ್ತೆ ನೋಡಬೇಕು. ಬಸವಕಲ್ಯಾಣದಲ್ಲಿ ಲಾರಿಯೇ ಅನೇಕರ ಅನ್ನ: ಚಾಲಕ, ಕ್ಲೀನರ್, ಮೆಕ್ಯಾನಿಕ್, ಬಾಡಿ ಕಟ್ಟುವವನು, ಟೈರ್ ತಿದ್ದುವವನು. ಈ ಗ್ಯಾರೇಜುಗಳಲ್ಲಿ ಮುಸ್ಲಿಂ ಯುವಕರು ಬಹಳ. ಕೆಲಸ ಬಲ್ಲವರು, ಆದರೆ ಬಾಡಿಗೆ ಬಿದ್ದ ತಿಂಗಳು ಲಾರಿ ನಿಂತರೆ ಇವರ ಕೈಯೂ ನಿಲ್ಲುತ್ತದೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ, ರಾಸಾಯನಿಕ ಕಾರ್ಖಾನೆಗಳಿವೆ. ತೊಗರಿ, ಕಬ್ಬು ಬೆಳೆಯುವವರ ಮಕ್ಕಳೂ ಹೈದರಾಬಾದಿನ ಬಸ್ಸು ಹತ್ತುತ್ತಾರೆ. 2017ರಲ್ಲಿ ಬೀದರ್-ಕಲಬುರಗಿ ರೈಲುಮಾರ್ಗ ಪೂರ್ತಿಯಾದ ಮೇಲೆ ಹೋಗುವ ದಾರಿ ಇನ್ನೊಂದಾಯಿತು.

ಮನೆಯೊಳಗಿನ ಗಳಿಕೆಯಂತೂ ಯಾರ ಕಣ್ಣಿಗೂ ಬೀಳದು. ಹಳೆಯ ಮೊಹಲ್ಲಾದ ಒಂದು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ತಾಯಿಯನ್ನು ಮಾತನಾಡಿಸಿದೆವು. ಗಂಡ ಲಾರಿಯ ಮೇಲೆ. ಹದಿನೈದು ದಿನಕ್ಕೊಮ್ಮೆ ಮನೆ. ಮಕ್ಕಳ ಶಾಲೆಯ ಫೀಸು, ಮನೆ ಬಾಡಿಗೆ ಎರಡೂ ಈ ಯಂತ್ರದಿಂದಲೇ. ಅಕ್ಕಪಕ್ಕದ ಲಿಂಗಾಯತ, ಮರಾಠಾ ಮನೆಗಳ ಬ್ಲೌಸುಗಳೂ ಇವರ ಬಳಿಗೇ ಬರುತ್ತವೆ. ಹಬ್ಬದ ಮುಂಚೆ, ದೀಪಾವಳಿಯಾಗಲಿ ಈದ್ ಆಗಲಿ, ರಾತ್ರಿ ಹನ್ನೆರಡಾಗುತ್ತದೆ. ಗಣತಿಯವರು ಬಂದರೆ ಉದ್ಯೋಗ ಏನೆಂದು ಬರೆಸುತ್ತೀರಿ ಎಂದು ಕೇಳಿದೆವು. ‘ಏನಿಲ್ಲ, ಮನೆಯಲ್ಲೇ ಇರುತ್ತೇನೆ’ ಎಂದು ನಕ್ಕರು.

2021ರ ಗಣತಿ ಮುಂದೂಡಿ 2027ಕ್ಕೆ ಹೋಯಿತು. ಉದ್ಯೋಗದ ಪ್ರಶ್ನೆ ಬಂದಾಗ ‘ಹೊಲಿಗೆ’ ಎಂದೇ ಬರೆಸಿ ಎಂದು ಅವರಿಗೆ ಹೇಳಿ ಬಂದೆವು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಬ್ಲೌಸಿನ ಅಳತೆ ಕಾಯುತ್ತಿತ್ತು.