ಸುಣ್ಣ ಅರಳುವ ಹೊತ್ತು

ಯುಗಾದಿಗೆ ಎಂಟು ದಿನವಿರುವಾಗ, ಮಡಕಶಿರಾ ಸೀಮೆಯ ನಮ್ಮ ಮನೆಯ ಹಿತ್ತಿಲಲ್ಲಿ ಗುಡಾಣವನ್ನು ಅರ್ಧಕ್ಕೆ ನೆಲದಲ್ಲಿ ಹೂತು, ಗೂಡಿನಿಂದ ತಂದ ಸುಟ್ಟ ಸುಣ್ಣಕಲ್ಲುಗಳನ್ನು ಅದರೊಳಗಿಳಿಸಿ, ಮೇಲೆ ನೀರೆರೆದು, ಎರಡು ಮಾರು ಹಿಂದೆ ಸರಿದು ನಿಲ್ಲುವುದುಂಟಲ್ಲ, ಅದಕ್ಕೆ ಸಮನಾದ ಸಂತೋಷವನ್ನು ನಾನು ಬೇರಾವ ಕೆಲಸದಲ್ಲಿಯೂ ಕಂಡವನಲ್ಲ.

ಮೊದಲು ಕಲ್ಲು ನೀರನ್ನು ಹೀರಿಕೊಂಡು ಮೌನವಾಗಿರುತ್ತದೆ. ಆಮೇಲೆ ಒಂದು ಬಿರುಕು, ಒಂದು ಸುಯ್ಲು. ನೋಡುನೋಡುತ್ತಿರುವಂತೆಯೇ ಒಲೆಯಿಲ್ಲದೆ, ಕೊಳ್ಳಿಯಿಲ್ಲದೆ ನೀರು ಕೊತಕೊತನೆ ಕುದಿದು, ಹಬೆಯೆದ್ದು, ಕಲ್ಲು ಉಬ್ಬಿ ಒಡೆದು ಬೆಣ್ಣೆಯಂತಹ ಶ್ವೇತಪಿಷ್ಟವಾಗುತ್ತದೆ. ಇದನ್ನು ‘ಸುಣ್ಣ ಅರಳಿತು’ ಎಂದು ಹೇಳಿದ ನಮ್ಮ ಹಿರಿಯರು ಕಲ್ಲಿನಲ್ಲಿಯೂ ಮೊಗ್ಗನ್ನು ಕಂಡವರು. ಮಕ್ಕಳನ್ನು ಗುಡಾಣದ ಬಳಿ ಸುಳಿಯಗೊಡದಿದ್ದವರೂ ಅವರೇ. ಸಿಡಿದ ಹನಿಯೊಂದು ಕಣ್ಣನ್ನೇ ಕಳೆಯಬಲ್ಲುದು.

ಈ ಬಿಸಿ ಎಲ್ಲಿಯದು? ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನ ಗೂಡಿನಲ್ಲಿ 100 ಗ್ರಾಂ ಶುದ್ಧ ಸುಣ್ಣಕಲ್ಲು ಬೆಂದಾಗ 44 ಗ್ರಾಂ ಇಂಗಾಲಾಮ್ಲ ವಾಯುವಾಗಿ ಹಾರಿ, 56 ಗ್ರಾಂ ಮಾತ್ರ ಉಳಿಯುತ್ತದೆ. ಸುಟ್ಟ ಕಲ್ಲು ಕೈಗೆ ಹಗುರವೆನಿಸುವುದು ಅದರಿಂದಲೇ. ಈ ಅಂತರುಷ್ಣಕ ಕ್ರಿಯೆಯು ಸುಮಾರು 178 ಕಿಲೋಜೂಲ್ ಉಷ್ಣವನ್ನು ಒಳಗೆಳೆದುಕೊಳ್ಳುತ್ತದೆ. ನೀರು ಸೋಕಿದೊಡನೆ ಅದರಲ್ಲಿ ಸುಮಾರು 65 ಹೊರಬರುತ್ತದೆ. ನಮ್ಮ ಗುಡಾಣ ಕುದಿಯುವುದು ಈ ಬಹಿರುಷ್ಣಕ ಕ್ರಿಯೆಯಿಂದ. ಉಳಿದ 113 ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಗೋಡೆಯಲ್ಲಿದೆ. ಬಳಿದ ಸುಣ್ಣವು ಗಾಳಿಯಿಂದ ಅದೇ ಇಂಗಾಲಾಮ್ಲವನ್ನು ಮರಳಿ ಪಡೆದು ಕಲ್ಲಾಗುತ್ತಾ, ಆ ಶೇಷವನ್ನು ಮೆಲ್ಲಮೆಲ್ಲನೆ ಸಲ್ಲಿಸುತ್ತದೆ. ಹಾದಿ ಎಷ್ಟು ಹೆಜ್ಜೆಯದಾದರೂ ಉಷ್ಣದ ಒಟ್ಟು ಲೆಕ್ಕ ಬದಲಾಗದೆಂದು ಪೀಟರ್ಸ್‌ಬರ್ಗಿನ ರಸಾಯನಜ್ಞ ಹೆಸ್ 1840ರಲ್ಲಿ ಸಾರಿದ ನಿಯಮವನ್ನು ನಾನು ಪುಸ್ತಕದಲ್ಲಿ ಓದಿದವನಾದರೂ, ನಂಬಿದ್ದು ಹಿತ್ತಿಲಿನಲ್ಲಿ.

ರಾಯದುರ್ಗದ ಬೆಟ್ಟದಡಿಯ ಅಕ್ಕನ ಮನೆಗೂ ನಾನೇ ಸುಣ್ಣ ಅರಳಿಸಿಕೊಡುತ್ತಿದ್ದೆನು. 1953ರಲ್ಲಿ ಆ ತಾಲ್ಲೂಕು ಬಳ್ಳಾರಿಯನ್ನು ಬಿಟ್ಟು ಆಂಧ್ರದ ಅನಂತಪುರಕ್ಕೆ ಸೇರಿತು. ಗಡಿ ಸರಿದರೂ, ಸಂಸ್ಕೃತದ ‘ಚೂರ್ಣ’ದಿಂದ ಹುಟ್ಟಿದ ನಮ್ಮ ‘ಸುಣ್ಣ’ವೂ ನೆರೆಮನೆಯವರ ‘ಸುನ್ನಂ’ ಎಂಬುದೂ ಒಂದೇ ಗುಡಾಣದಲ್ಲಿ ಅರಳುತ್ತಿದ್ದುವು. ನೀಲಿ ಬೆರೆಸಿ ಬಳಿದ ಗೋಡೆ ಒಣಗುವ ಸಂಜೆ ನಾನದರ ಮೇಲೆ ಅಂಗೈಯಿಡುವೆನು. ತಣ್ಣಗೇ ಇರುತ್ತದೆ, ಗೂಡಿನ ಆ ಶೇಷವು ನನ್ನ ಚರ್ಮಕ್ಕೆ ನಿಲುಕದಷ್ಟು ನಿಧಾನವಾಗಿ ತೀರುತ್ತಿರುತ್ತದೆ. ಹಳ್ಳದ ದಂಡೆಯಿಂದ ಗೂಡಿಗೆ ಹೋದ ಕಲ್ಲು, ಬೆಂದು, ಕುದಿದು, ಅರಳಿ, ಈಗ ಅಕ್ಕನ ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತಿರುವುದನ್ನು ನೆನೆಯುತ್ತ, ದೀಪ ಹೊತ್ತಿಸುವವರೆಗೂ ನಾನು ಅಲ್ಲಿಯೇ ನಿಂತಿರುತ್ತೇನೆ.